ಬ್ಯಾಡಗಿಯಿಂದ ಹಸಿರು ದೀಪದವರೆಗೆ

ಗುರುವಾರ ಸಂಜೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆಯ ದಿನ. ಸೋಮವಾರಕ್ಕೊಮ್ಮೆ, ಗುರುವಾರಕ್ಕೊಮ್ಮೆ ಎಪಿಎಂಸಿ ಅಂಗಳ ಕೆಂಪಾಗುವ ಊರು ಇದು. ಮೇ ತಿಂಗಳಾದ್ದರಿಂದ ಆವಕ ಇಳಿದಿದೆ, ಘಾಟು ಮಾತ್ರ ಇಳಿದಿಲ್ಲ. ಓಣಿಯ ಬಾಯಲ್ಲಿ ನಿಂತ ಕ್ರೂಸರ್ ಗಾಡಿಯ ನೆತ್ತಿ ಏರಿ ನೀವು ಸೂಟ್‌ಕೇಸ್ ಬಿಗಿಯುತ್ತಿದ್ದೀರಿ. ನೈಲಾನ್ ಹಗ್ಗ ಎಳೆದಾಗಲೆಲ್ಲ ಒಂದು ಸೀನು. ಕೆಳಗೆ ನಿಂತವರು ಯಾರೂ ಸೀನುತ್ತಿಲ್ಲ. ನೀವು ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದು ಊರು ಬಿಟ್ಟವರು, ನಿಮ್ಮ ಮೂಗು ಅಭ್ಯಾಸ ಮರೆತಿದೆ.

ಪ್ರತಿ ಸೂಟ್‌ಕೇಸಿನ ಮೇಲೂ ಬಿಳಿ ಬಣ್ಣದಲ್ಲಿ ದಪ್ಪಗೆ ಹೆಸರು, ಪಾಸ್‌ಪೋರ್ಟ್ ನಂಬರು, ಕವರ್ ನಂಬರು. ಹಿಡಿಕೆಗೆ ಅಮ್ಮಾ ತಮ್ಮ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ್ದಾರೆ, ಜಿದ್ದಾದಲ್ಲಿ ನೂರಾರು ಪೆಟ್ಟಿಗೆಯ ನಡುವೆ ಗುರುತು ಸಿಗಲಿ ಎಂದು. ಹಜ್ ಕಮಿಟಿಯ ಲೆಕ್ಕದಲ್ಲಿ ಒಂದೇ ಅರ್ಜಿಯಲ್ಲಿ ಹೋಗುವವರೆಲ್ಲ ಸೇರಿ ಒಂದು ಕವರ್. ನಿಮ್ಮ ಕವರಿನಲ್ಲಿ ಐವರು: ಅಬ್ಬಾ, ಅಮ್ಮಾ, ನೀವು, ರಾಣೆಬೆನ್ನೂರಿನ ಸೋದರತ್ತೆ ಫುಪ್ಪು, ಅವರ ಯಜಮಾನರು. ಅಬ್ಬಾಗೆ ಎಪ್ಪತ್ತು ದಾಟಿದೆ. ವಯಸ್ಸಾದವರಿಗೆ ಮೀಸಲು ಇದೆ, 65 ದಾಟಿದವರು ಕುರ್ರಾ (ಚೀಟಿ) ಎತ್ತುವ ಗೊಡವೆಯಿಲ್ಲದೆ ಆಯ್ಕೆಯಾಗುತ್ತಾರೆ. ಒಂದು ಷರತ್ತು, ಜೊತೆಗೊಬ್ಬರು ಇರಬೇಕು. ಆ ಜೊತೆಗಾರ ನೀವು. ಹಾಗಾಗಿ ಈ ಪ್ರಯಾಣದಲ್ಲಿ ನಿಮ್ಮ ಪಾಲಿಗೆ ಬಂದಿರುವುದು ಅರ್ಧ ಯಾತ್ರೆ, ಅರ್ಧ ಚಾಕರಿ.

ಓಣಿಯ ಜನ ಹೊರಡಲು ಬಿಡುತ್ತಿಲ್ಲ. ಅಬ್ಬಾ ನಲವತ್ತು ವರ್ಷ ಎಪಿಎಂಸಿಯಲ್ಲಿ ಹಮಾಲಿ ಮಾಡಿದವರು. ಅಮ್ಮಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋದವರು. ಇಬ್ಬರ ದುಡಿಮೆ, ನಿಮ್ಮ ಪಗಾರ ಸೇರಿ, ತಲೆಗೆ ಮೂರು ಲಕ್ಷಕ್ಕೂ ಮೇಲಿನ ಹಣ ಕಂತಿನಲ್ಲಿ ಕಟ್ಟಿದ್ದು. ಹೆಣ್ಣುಮಕ್ಕಳ ಮದುವೆ ಆಗಬೇಕು, ಸಾಲ ತೀರಬೇಕು, ಆಮೇಲೆ ಹಜ್. ಸಾಲವಿಟ್ಟುಕೊಂಡು ಹೋಗಬಾರದು ಎಂಬುದನ್ನು ಈ ಭಾಗದ ಬಡವರು ಅಕ್ಷರಶಃ ಪಾಲಿಸುತ್ತಾರೆ. ಪಾಲಿಸಿ ಮುಗಿಯುವ ಹೊತ್ತಿಗೆ ಮಂಡಿ ಸವೆದಿರುತ್ತದೆ.

ಹೊರಡುವ ಮೊದಲು ಎಲ್ಲರ ಬಳಿ ಮಾಫಿ ಕೇಳುವುದು ವಾಡಿಕೆ. ಅಬ್ಬಾ ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಹಳೆಯ ದಲಾಲಿ ಅಂಗಡಿಯ ಯಜಮಾನರ ಮುಂದೆ ಕೈಜೋಡಿಸುತ್ತಾರೆ.

"ಗೌಡ್ರ, ನಂದೇನರ ತಪ್ಪಾಗಿದ್ರ ಮಾಫ್ ಮಾಡ್ರಿ."

"ನಲವತ್ತು ವರ್ಷ ನನ್ನ ಚೀಲ ಹೊತ್ತವ್ರು ನೀವು ಸಾಬ್ರ. ತಪ್ಪು ನಂದ ಇರಬೇಕು ಬಿಡ್ರಿ. ಅಲ್ಲಿ ನಮ್ಮ ಹೊಲದ್ದೂ ಒಂದು ಮಾತು ಕೇಳ್ಕೊಂಡು ಬರ್ರಿ. ಮಳಿ ಆಗ್ಲಿ, ರೇಟ್ ಇರ್ಲಿ. ಮತ್ತೇನೂ ಬ್ಯಾಡ."

2024ರ ಮಾರ್ಚ್‌ನಲ್ಲಿ ದರ ಕುಸಿಯಿತೆಂದು ಎಪಿಎಂಸಿ ಕಚೇರಿಗೆ ಕಲ್ಲು ಬಿದ್ದು ವಾಹನಗಳು ಸುಟ್ಟ ಊರು ಇದು. ಇಲ್ಲಿಂದ ಮಕ್ಕಾಗೆ ಹೋಗುವ ದುವಾದಲ್ಲಿ ಮೆಣಸಿನಕಾಯಿ ದರವೂ ಸೇರಿರುತ್ತದೆ. ತಪ್ಪೇನಿಲ್ಲ.

ಪಕ್ಕದ ಮನೆಯ ಅಜ್ಜಿ ಖಡಕ್ ರೊಟ್ಟಿಯ ಗಂಟು ತಂದು ಅಮ್ಮನ ಮಡಿಲಿಗೆ ಹಾಕುತ್ತಾರೆ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಅಮ್ಮಾ ಚಟ್ನಿಪುಡಿಯ ಪೊಟ್ಟಣ ಮೂಸಿ ನೋಡಿ, ಇದರಾಗ ಗಸಗಸಿ ಹಾಕಿಲ್ಲಲ್ಲ ಎಂದು ಎರಡು ಸಲ ಕೇಳುತ್ತಾರೆ. ಸೌದಿಯಲ್ಲಿ ಗಸಗಸೆ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಮಸಾಲೆಯಲ್ಲಿ ಒಂದು ಚಮಚ ಸಿಕ್ಕರೂ ಜೈಲು ಎಂದು ತರಬೇತಿಯಲ್ಲಿ ಹೆದರಿಸಿದ್ದಾರೆ. ಉತ್ತರ ಕರ್ನಾಟಕದ ಅಡುಗೆಮನೆಗೆ ಇದು ಸಣ್ಣ ಸಂಕಟವಲ್ಲ.

ಆ ತರಬೇತಿ ನಡೆದದ್ದು ಹಾವೇರಿಯಲ್ಲಿ. ಜಿಲ್ಲೆಯ ಎಲ್ಲ ತಾಲ್ಲೂಕಿನವರು ಒಂದೇ ಹಾಲ್‌ನಲ್ಲಿ. ನಡುವೆ ಥರ್ಮಾಕೋಲು, ರಟ್ಟು, ಕಪ್ಪು ಬಟ್ಟೆಯಿಂದ ಮಾಡಿದ ಕಾಬಾ. ಸುತ್ತು ಹಾಕುವುದನ್ನು ಕಲಿಸುವ ಮೌಲಾನಾ ಎಡಭುಜ ಕಾಬಾದ ಕಡೆಗಿರಲಿ ಎನ್ನುತ್ತಾರೆ, ಹತ್ತು ಜನ ಬಲಭುಜ ತಿರುಗಿಸುತ್ತಾರೆ, ಎಲ್ಲರೂ ನಗುತ್ತಾರೆ. ವೇದಿಕೆಯ ಗಣ್ಯರ ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮಲೆನಾಡಿನ ಏಲಕ್ಕಿಯನ್ನು ಹಾರವಾಗಿಸುವ ಕೈ ಇಲ್ಲಿಯದು. ದೇವಸ್ಥಾನಕ್ಕೂ ಮಂತ್ರಿಗಳಿಗೂ ಹೋಗುವ ಆ ಹಾರಗಳನ್ನು ತಲೆಮಾರುಗಳಿಂದ ಕಟ್ಟುತ್ತಿರುವುದು ಪಟವೇಗಾರ ಎಂಬ ಮುಸ್ಲಿಂ ಮನೆತನ. ಭಾಷಣ ಮುಗಿದ ಮೇಲೆ ಸೂಜಿ: ಮೆದುಳುಜ್ವರದ ಲಸಿಕೆ, ಫ್ಲೂ ಲಸಿಕೆ, ನಾಲಿಗೆಗೆ ಪೋಲಿಯೊ ಹನಿ. ಹನಿ ಹಾಕುವಾಗ ಮುದುಕರು ಮಕ್ಕಳ ಹಾಗೆ ಬಾಯಿ ತೆರೆದರು. ವೈದ್ಯರು ನೇರವಾಗಿ ಮಾತನಾಡಿದರು. 2024ರ ಹಜ್‌ನಲ್ಲಿ ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ದಾಖಲಾಗಿತ್ತು. ಸೌದಿ ಸರ್ಕಾರವೇ ಹೇಳಿದಂತೆ 1,301 ಜನ ಸತ್ತರು, ಬಹುಪಾಲು ಪರವಾನಗಿ ಇಲ್ಲದೆ ಬಂದು ನೆರಳಿಲ್ಲದೆ ನಡೆದವರು. ಅದನ್ನು ಹೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: ದಿನಾ ಎಷ್ಟು ನಡೀತೀರಿ? ಹಾಲ್‌ನಲ್ಲಿ ಯಾರೂ ಕೈ ಎತ್ತಲಿಲ್ಲ. ಜೀವಮಾನವಿಡೀ ಹೊತ್ತವರು, ಬಗ್ಗಿದವರು, ಉಳುಮೆ ಮಾಡಿದವರು ಅಲ್ಲಿದ್ದರು. ಸುಮ್ಮನೆ ನಡೆಯುವುದು ಯಾರಿಗೂ ಕೆಲಸ ಎನಿಸಿರಲಿಲ್ಲ.

ಕ್ರೂಸರ್ ಹೊರಟಿತು. ಹತ್ತು ಜನರ ಗಾಡಿಯಲ್ಲಿ ಹದಿನಾಲ್ಕು ಮಂದಿ, ಬೀಳ್ಕೊಡುವವರೇ ಹೆಚ್ಚು. ಮೋಟೆಬೆನ್ನೂರಿಗೆ ಬಂದು ಹೆದ್ದಾರಿ ಹತ್ತುತ್ತೀರಿ. ಕಾಗದದಲ್ಲಿ ರಾಷ್ಟ್ರೀಯ ಹೆದ್ದಾರಿ 48, ಊರವರ ಬಾಯಲ್ಲಿ ಇವತ್ತಿಗೂ ಪಿ.ಬಿ. ರೋಡ್. ಹಾವೇರಿ ಕಡೆಯಿಂದ ಬಂದ ಎರಡು ಗಾಡಿ ಅಲ್ಲಿ ಕಾಯುತ್ತಿವೆ, ಹಸಿರು ಝಂಡಾ ಕಟ್ಟಿಕೊಂಡು. ಒಟ್ಟಿಗೆ ಹೋದರೆ ಧೈರ್ಯ ಎಂಬ ಒಪ್ಪಂದ. ರಾಣೆಬೆನ್ನೂರು ಮುಟ್ಟುವಷ್ಟರಲ್ಲೇ ಅದು ಮುರಿಯಿತು, ಏಕೆಂದರೆ ಫುಪ್ಪು ಇನ್ನೂ ಸಿದ್ಧವಾಗಿಲ್ಲ. ಬೀಜದ ಅಂಗಡಿಗಳ ಸಾಲು ದಾಟಿ ಅವರ ಗಲ್ಲಿ ಸೇರಿದರೆ ಮನೆಮುಂದೆ ಶಾಮಿಯಾನ, ದಾವತ್ತು, ನಲವತ್ತು ಜನ. ಅಳು, ಅಪ್ಪುಗೆ, ಹೂವಿನ ಹಾರ, ಒಂದು ಫೋಟೊ, ಮತ್ತೊಂದು ಫೋಟೊ. ಊಟ ಮಾಡದೆ ಬಿಡುವುದಿಲ್ಲ. ಅಬ್ಬಾ ಸೀಟಿನಿಂದ ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ಮಂಡಿ ಹಿಡಿದುಕೊಂಡದ್ದನ್ನು ನೀವು ಬಿಟ್ಟು ಯಾರೂ ನೋಡಲಿಲ್ಲ.

ರಾಣೆಬೆನ್ನೂರು ಬಿಟ್ಟಾಗ ರಾತ್ರಿ ಹತ್ತು. ಹರಿಹರದ ಸೇತುವೆಯ ಮೇಲೆ ತುಂಗಭದ್ರೆ ದಾಟುವಾಗ ಅಬ್ಬಾ ತಮ್ಮ ಅಬ್ಬಾನ ಹಜ್ ನೆನೆಯುತ್ತಾರೆ. ಎಪ್ಪತ್ತರ ದಶಕದ ಮಾತು. ಬ್ಯಾಡಗಿಯಿಂದ ಮೀಟರ್ ಗೇಜಿನ ರೈಲು, ಮೀರಜ್‌ನಲ್ಲಿ ಗಾಡಿ ಬದಲಿಸಿ ಬೊಂಬಾಯಿ. ಅಲ್ಲಿ ಮುಸಾಫಿರ್‌ಖಾನೆಯ ನೆಲದ ಮೇಲೆ ಚಾಪೆ ಹಾಸಿ ಹಡಗಿಗೆ ಕಾಯುವುದು. ಮೊಘಲ್ ಲೈನ್‌ನ ಹಡಗುಗಳು, ಅಕ್ಬರ್, ನೂರ್‌ಜಹಾನ್ ಎಂಬ ಹೆಸರು. ಅರಬ್ಬೀ ಸಮುದ್ರ, ಆಮೇಲೆ ಕೆಂಪು ಸಮುದ್ರ, ಮೀಕಾತ್ ಎಂಬ ಗೆರೆಯಾದ ಯಲಮ್‌ಲಮ್‌ನ ನೇರಕ್ಕೆ ಬಂದಾಗ ಹಡಗಿನಲ್ಲೇ ಯಾತ್ರೆಯ ಬಟ್ಟೆ ಇಹ್ರಾಮ್. ಹೋಗಿ ಬರುವಷ್ಟರಲ್ಲಿ ಹಂಗಾಮೇ ಕಳೆಯುತ್ತಿತ್ತು. ಮುಂಬೈನಿಂದ ಹಜ್ ಹಡಗು 1995ರಲ್ಲಿ ನಿಂತೇ ಹೋಯಿತು. ವಿಮಾನದ ಕಾಲ ಸುಖದ್ದು ಎಂದು ಎಲ್ಲರೂ ಅನ್ನುತ್ತಾರೆ. ನನಗೆ ಅಷ್ಟು ಖಾತ್ರಿಯಿಲ್ಲ. ಹಡಗಿನಲ್ಲಿ ಹೋದವರು ದಣಿದರೂ ನಿಧಾನವಾಗಿ ದಣಿದರು. ಡೆಕ್ಕಿನ ಮೇಲೆ ಮಲಗಿ ಎದ್ದು, ಮಲಗಿ ಎದ್ದು ಜಿದ್ದಾ ಸೇರಿದರು. ಈಗ ಎಲ್ಲ ದಣಿವನ್ನೂ ಎರಡು ರಾತ್ರಿಯೊಳಗೆ ತುರುಕಲಾಗಿದೆ, ಆ ಎರಡು ರಾತ್ರಿಯೂ ನಿದ್ದೆಯಿಲ್ಲದವು.

ದಾವಣಗೆರೆ ದಾಟಿದ್ದು ಗೊತ್ತಾಗಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿನುಗುತ್ತಿವೆ. ಹಿರಿಯೂರಿನಲ್ಲಿ ಚಹಾ. ಶಿರಾದ ಹತ್ತಿರ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿರಿ. ಅಮ್ಮಾ ತಲೆಯನ್ನು ಕಿಟಕಿಯ ಸರಳಿಗೆ ಒರಗಿಸಿ ಎಚ್ಚರವಿದ್ದಾರೆ, ತುಟಿ ಅಲುಗುತ್ತಿದೆ. ತುಮಕೂರಿನ ಆಸುಪಾಸು ಫಜ್ರ್ ನಮಾಜು, ನೆಲಮಂಗಲದಲ್ಲಿ ಬೆಂಗಳೂರಿನ ಟ್ರಾಫಿಕ್ಕು. ತಿರುಮೇನಹಳ್ಳಿಯ ಹಜ್ ಭವನದ ಗೇಟಿನೆದುರು ಇಳಿದಾಗ ಅಬ್ಬಾನ ಪಾದ ಚಪ್ಪಲಿಯೊಳಗೆ ಊದಿದೆ.

ಇಲ್ಲಿಗೆ ಕ್ರೂಸರಿನವರ ಪಾಲು ಮುಗಿಯಿತು. ಒಳಗೆ ಹೋಗುವುದು ಹಾಜಿಗಳು ಮಾತ್ರ. ಗೇಟಿನ ಹೊರಗೆ ರಾಜ್ಯದ ಮೂಲೆಮೂಲೆಯ ಗಾಡಿಗಳು. ಶಿವಮೊಗ್ಗ, ವಿಜಯಪುರ, ಮೈಸೂರಿನ ನಂಬರುಗಳು. ನೆರಳಲ್ಲಿ ಬಿರಿಯಾನಿ ಡಬ್ಬಿ ಬಿಚ್ಚಿದ ಕುಟುಂಬಗಳು. ಒಳಗೆ ಕೌಂಟರು, ಕ್ಯೂ, ಮತ್ತೊಂದು ಕೌಂಟರು. ಸೂಟ್‌ಕೇಸ್ ತೂಕಕ್ಕೆ ಇಟ್ಟರೆ ಅಮ್ಮನದು ಎರಡು ಕೆಜಿ ಜಾಸ್ತಿ. ಕ್ಯೂನ ನಡುವೆಯೇ ಬಿಚ್ಚಿ ರೊಟ್ಟಿಯ ಗಂಟನ್ನು ಕೈಚೀಲಕ್ಕೆ ಸಾಗಿಸುತ್ತೀರಿ, ಹಿಂದಿನವರು ಗೊಣಗುತ್ತಾರೆ. ಪಾಸ್‌ಪೋರ್ಟು, ಟಿಕೆಟ್ಟು, ಮಣಿಕಟ್ಟಿಗೆ ಹೆಸರು, ನಂಬರು ಕೊರೆದ ಸ್ಟೀಲಿನ ಕಡಗ. ಕಳೆದುಹೋದರೂ, ಮೂರ್ಛೆ ಹೋದರೂ ಆ ಕಡಗವೇ ಮಾತನಾಡಬೇಕು ಎಂದು ಹೇಳಿ ತೊಡಿಸುತ್ತಾರೆ. ಅಬ್ಬಾ ಅದನ್ನು ಮೊಣಕೈವರೆಗೆ ಏರಿಸಿ ನೋಡಿ, ಇದು ಜಾರುತ್ತದೆ ಎಂದು ಬೆರಳಿನಿಂದ ಅಮುಕಿ ಅಗಲ ಕಡಿಮೆ ಮಾಡಿಕೊಳ್ಳುತ್ತಾರೆ. ಹಮಾಲಿಯ ಬೆರಳು, ಸ್ಟೀಲೂ ಮಾತು ಕೇಳಿತು.

ವಿಮಾನ ಮಾರನೆಯ ಬೆಳಗಿನ ಜಾವಕ್ಕೆ. ಜುಮ್ಮಾ ನಮಾಜು ಆಯಿತು, ಊಟ ಆಯಿತು, ಮಂಚವೂ ಸಿಕ್ಕಿತು. ನಿದ್ದೆ ಮಾತ್ರ ಸಿಗಲಿಲ್ಲ. ಪ್ರತಿ ಅರ್ಧ ಗಂಟೆಗೆ ಮೈಕು: ಇಂಥ ವಿಮಾನದವರು ಇಂಥ ಕಡೆ ಬನ್ನಿ. ಪ್ರತಿ ಸಲವೂ ಅಬ್ಬಾ ಎದ್ದು ಕೂರುತ್ತಾರೆ, ನಮ್ಮದಾ ಎನ್ನುತ್ತಾರೆ, ನೀವು ಅಲ್ಲ ಎನ್ನುತ್ತೀರಿ.

ರಾತ್ರಿ ಹನ್ನೊಂದಕ್ಕೆ ನಿಮ್ಮದು. ಸ್ನಾನ ಮಾಡಿ ಇಹ್ರಾಮ್ ಧರಿಸಬೇಕು. ಗಂಡಸರಿಗೆ ಹೊಲಿಗೆಯಿಲ್ಲದ ಎರಡು ಬಿಳಿ ಬಟ್ಟೆ, ಒಂದು ಉಡಲು, ಒಂದು ಹೊದೆಯಲು. ಒಳಉಡುಪಿಲ್ಲ, ಟೊಪ್ಪಿಗೆಯಿಲ್ಲ, ಅತ್ತರಿಲ್ಲ. ಹಣ, ಕಾಗದಕ್ಕೆ ಸೊಂಟದ ಬೆಲ್ಟು. ಪಾದದ ಮೇಲ್ಭಾಗ ತೆರೆದಿರುವ ಹವಾಯಿ ಚಪ್ಪಲಿ. ಹೆಂಗಸರಿಗೆ ತಮ್ಮ ಎಂದಿನ ಉಡುಪೇ. ಕನ್ನಡಿಯೆದುರು ಅಬ್ಬಾನನ್ನು ನಿಲ್ಲಿಸಿ ಬಟ್ಟೆ ಬಿಗಿಯುವಾಗ ನಿಮಗೆ ಮೊದಲ ಸಲ ಕಾಣುತ್ತದೆ: ಚೀಲ ಹೊತ್ತು ಹೊತ್ತು ಬಲಭುಜ ಎಡಕ್ಕಿಂತ ತಗ್ಗಾಗಿದೆ, ಕತ್ತಿನ ಬುಡದಲ್ಲಿ ಚರ್ಮ ದಡ್ಡುಗಟ್ಟಿದೆ. ಟೊಪ್ಪಿಗೆಯಿಲ್ಲದ ಅವರ ತಲೆಯನ್ನು ನೀವು ಸ್ನಾನದ ಮನೆಯ ಹೊರಗೆ ನೋಡಿದ ನೆನಪೇ ಇಲ್ಲ.

ಕೆಂಪೇಗೌಡ ವಿಮಾನ ನಿಲ್ದಾಣ ಅಲ್ಲಿಂದ ದೂರವಲ್ಲ, ಆದರೆ ಬಸ್ಸು, ಎಣಿಕೆ, ತಪಾಸಣೆ, ಮತ್ತೆ ಎಣಿಕೆ. ಮೂರು ಗಂಟೆ ನಸುಕಿಗೆ ವಿಮಾನದ ಬಾಗಿಲು ಮುಚ್ಚಿತು. ಇಡೀ ವಿಮಾನ ಬಿಳಿ. ಎ.ಸಿ. ಗಾಳಿ ನೇರ ಬರಿಭುಜಕ್ಕೆ ಬಡಿಯುತ್ತದೆ. ಕಂಬಳಿ ಮೈಗೆ ಹೊದೆಯಬಹುದು, ತಲೆಗೆ ಎಳೆಯುವಂತಿಲ್ಲ. ಇಹ್ರಾಮ್‌ನಲ್ಲಿ ಗಂಡಸು ತಲೆ ಮುಚ್ಚಬಾರದು. ಅಬ್ಬಾ ನಡುಗುತ್ತಾ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಾರೆ.

ಯಾತ್ರೆಯ ಪುಸ್ತಕಗಳಲ್ಲಿ ಕಡಿಮೆ ಸಿಗುವ ಮಾತೊಂದನ್ನು ಇಲ್ಲೇ ಹೇಳಿಬಿಡುತ್ತೇನೆ: ಶೌಚಾಲಯ. ಮೊದಲ ಸಲ ವಿಮಾನ ಹತ್ತಿದ ಮುದುಕರು, ಹೊಲಿಗೆಯಿಲ್ಲದ ಬಟ್ಟೆ, ಬಾಗಿದರೆ ಗೋಡೆ ತಾಗುವ ಪೆಟ್ಟಿಗೆಯಂಥ ಕೋಣೆ, ನೀರಿನ ಬದಲು ಕಾಗದ, ನಮಾಜಿನ ಮೊದಲು ಕೈಕಾಲು ತೊಳೆಯುವ ವುಜೂ ಮಾಡಬೇಕೆಂಬ ಚಿಂತೆ. ಅದಕ್ಕೆ ಹೆದರಿ ಹಲವರು ಹಜ್ ಭವನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಹಿಂದಿನ ಸೀಟಿನಲ್ಲಿ ಫುಪ್ಪು ಹಾಗೆಯೇ ಮಾಡಿದ್ದಾರೆ ಎಂದು ನಿಮಗೆ ಆಮೇಲೆ ತಿಳಿಯುತ್ತದೆ. ಮರುಭೂಮಿಗೆ ಇಳಿಯುವ ಮೊದಲೇ ಮೈ ಒಣಗಿರುತ್ತದೆ.

ಐದೂವರೆ ಗಂಟೆಯ ಹಾರಾಟದ ಕೊನೆಯಲ್ಲಿ ಮೀಕಾತ್ ಹತ್ತಿರವಾಗುತ್ತಿದೆ ಎಂಬ ಪ್ರಕಟಣೆ. ಇಹ್ರಾಮ್‌ನ ಸಂಕಲ್ಪವಿಲ್ಲದೆ ಆ ಗೆರೆ ದಾಟುವಂತಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ನಡುಗುವ ದನಿಯಲ್ಲಿ ಹಾಜಿಗಳ ಘೋಷ ತಲ್ಬಿಯಾ ಶುರುಮಾಡುತ್ತಾರೆ. ಎರಡನೆಯ ಸಾಲು ಸೇರಿತು, ಹತ್ತನೆಯದು ಸೇರಿತು. ಹಾವೇರಿಯ ಹಾಲ್‌ನಲ್ಲಿ ಉಚ್ಚಾರ ಬಾರದೆ ತಡವರಿಸಿದ ಅಮ್ಮಾ ಈಗ ತಡವರಿಸುತ್ತಿಲ್ಲ.

ಜಿದ್ದಾದ ಗಡಿಯಾರದಲ್ಲಿ ಬೆಳಗಿನ ಆರು. ನಿಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ; ಅಂದರೆ ಮುಗಿಯಬೇಕಿದ್ದ ದಿನ ಇನ್ನಷ್ಟು ಉದ್ದವಾಯಿತು. ಇಮಿಗ್ರೇಷನ್‌ನಲ್ಲಿ ಬೆರಳಚ್ಚು. ಮೆಣಸಿನಕಾಯಿ ತೊಟ್ಟು ಬಿಡಿಸಿದ ಅಮ್ಮನ ಬೆರಳಿನ ಗೆರೆ ಮಷಿನ್‌ಗೆ ಹತ್ತುತ್ತಿಲ್ಲ. ಅಧಿಕಾರಿ ಬಟ್ಟೆಯಿಂದ ಒರೆಸಿ, ಒತ್ತಿ, ಮತ್ತೆ ಒತ್ತಿ, ಕೊನೆಗೆ ಕೈಬೀಸಿ ಮುಂದೆ ಬಿಡುತ್ತಾನೆ. ಹೊರಗೆ ಹಜ್ ಟರ್ಮಿನಲ್‌ನ ಚಾವಣಿ, 210 ಬಿಳಿ ಡೇರೆಗಳು ಕಂಬಗಳಿಂದ ತೂಗುತ್ತಿವೆ. ಢಾಕಾ ಮೂಲದ ಇಂಜಿನಿಯರ್ ಫಜ್ಲುರ್ ರಹಮಾನ್ ಖಾನ್ ಅವರ ವಿನ್ಯಾಸ, 1981ರಿಂದ ಹಾಜಿಗಳಿಗೆ ನೆರಳು. ನೆರಳೇನೋ ದೊಡ್ಡದು, ಅದರಂಚು ದಾಟಿ ಬಸ್ಸಿನ ಕಡೆ ನಡೆದರೆ ಮಂಡಕ್ಕಿ ಭಟ್ಟಿಯ ಬಾಯಿಗೆ ಮುಖ ಕೊಟ್ಟಂತೆ ಗಾಳಿ. ಅದೂ ಬೆಳಗಿನ ಒಂಬತ್ತಕ್ಕೆ.

ಬಸ್ಸಿನಲ್ಲಿ ಕೂರಿಸಿ ಪಾಸ್‌ಪೋರ್ಟ್ ಸಂಗ್ರಹಿಸಿದರು. ಒಂದು ಪಾಸ್‌ಪೋರ್ಟ್ ಕಡಿಮೆ. ಎಲ್ಲರೂ ಕಾದರು. ಅದು ಫುಪ್ಪು ಅವರ ಪರ್ಸಿನೊಳಗೆ, ಚಟ್ನಿ ಪೊಟ್ಟಣದ ಕೆಳಗೆ ಸಿಕ್ಕಿತು. ಮಕ್ಕಾ ಇಲ್ಲಿಂದ ಬಹಳ ದೂರವೇನಲ್ಲ. ಆದರೆ ಶುಮೈಸಿ ಚೆಕ್‌ಪೋಸ್ಟ್ ಇದೆ, ಎಣಿಕೆ ಇದೆ. ಯಾರೋ ಖರ್ಜೂರ, ಜ್ಯೂಸು, ಝಮ್‌ಝಮ್ ಬಾಟಲಿ ಹಂಚುತ್ತಾರೆ. ರಸ್ತೆಗೆ ಅಡ್ಡಲಾಗಿ ಕುರಾನ್ ಇಡುವ ರೆಹಾಲಿನ ಆಕಾರದ ಭಾರೀ ದ್ವಾರ. ಅದರಡಿ ಹಾಯುವಾಗ ಇಡೀ ಬಸ್ಸು ಎದ್ದು ನಿಲ್ಲಲು ನೋಡಿತು. ಅಬ್ಬಾ ಏಳಲಾಗದೆ ಮುಂದಿನ ಸೀಟನ್ನು ಹಿಡಿದು ಕೂತರು. ಕಣ್ಣು ಕೆಂಪು. ಅಳುವೋ ನಿದ್ದೆಗೇಡೋ, ವಿಚಾರಿಸುವ ಸಮಯವಲ್ಲ.

ಅಜೀಜಿಯಾದ ಬಿಲ್ಡಿಂಗ್ ಮುಟ್ಟಿದಾಗ ನಡುಮಧ್ಯಾಹ್ನ. ಭಾರತದ ಹಾಜಿಗಳಲ್ಲಿ ಬಹುಪಾಲು ಜನ ಇಳಿಯುವ ಬಡಾವಣೆ ಇದು. ಅಂಗಡಿ ಬೋರ್ಡುಗಳಲ್ಲಿ ಉರ್ದು, ಮಲಯಾಳಂ. ಲಿಫ್ಟಿನ ಮುಂದೆ ಇನ್ನೂರು ಜನ. ಅಷ್ಟರಲ್ಲಿ ಗುಂಪಿನ ಉತ್ಸಾಹಿಯೊಬ್ಬರು ಕೂಗುತ್ತಾರೆ: ಸಾಮಾನು ಇಡ್ರಿ, ಹಿಂಗ ಹೋಗಿ ಉಮ್ರಾ ಮುಗಿಸಿಬಿಡೋಣ. ಇಹ್ರಾಮ್ ಉಟ್ಟ ಮೇಲೆ ತಡ ಮಾಡಬಾರದಂತೆ. ಅಬ್ಬಾ ಸೂಟ್‌ಕೇಸ್ ಬಿಟ್ಟು ಅವರ ಹಿಂದೆ ಹೊರಟೇಬಿಟ್ಟರು.

ಇಲ್ಲಿ ನೀವು ಅಡ್ಡ ನಿಲ್ಲಬೇಕು. ಉಮ್ರಾ ಎಂದರೆ ಕಾಬಾಕ್ಕೆ ಏಳು ಸುತ್ತಿನ ತವಾಫ್, ಆಮೇಲೆ ಸಫಾ ಮತ್ತು ಮರ್ವಾ ನಡುವೆ ಏಳು ಸಲ ಸಯೀ. ಸಯೀ ಒಂದೇ ಮೂರು ಕಿಲೊಮೀಟರಿನ ಆಸುಪಾಸು. ಎರಡು ರಾತ್ರಿ ಮಲಗದ, ನೀರು ಕುಡಿಯದ ಎಪ್ಪತ್ತರ ಮೈಯನ್ನು ಮೇ ತಿಂಗಳ ನಡುಮಧ್ಯಾಹ್ನಕ್ಕೆ ಒಯ್ದರೆ ಏನಾಗುತ್ತದೆಂದು ಹಾವೇರಿಯ ವೈದ್ಯರು ಹೇಳಿದ್ದರು. ಮತ್ತು ಧರ್ಮ ಅದನ್ನು ಕೇಳಿಯೂ ಇಲ್ಲ. ಇಹ್ರಾಮ್‌ನಲ್ಲೇ ಇದ್ದು, ಅದರ ನೇಮ ಮುರಿಯದೆ, ಉಂಡು ಮಲಗಿ ವಿಶ್ರಾಂತಿ ಪಡೆದು ಉಮ್ರಾಕ್ಕೆ ಹೋಗಬಹುದು. ನೀವು ಹೇಳಿದರೆ ಅಬ್ಬಾ ಕೇಳುವವರಲ್ಲ. ರಾಜ್ಯದಿಂದ ಜೊತೆ ಬಂದ ಹಜ್ ಇನ್‌ಸ್ಪೆಕ್ಟರ್ ಹತ್ತಿರ ಕರೆದೊಯ್ಯುತ್ತೀರಿ.

"ಚಾಚಾ, ಕಾಬಾ ಎಲ್ಲಿಗೂ ಹೋಗಂಗಿಲ್ಲ. ಉಂಡು ಮಲಕ್ಕೋರಿ. ರಾತ್ರಿ ನಾನ ಕರ್ಕೊಂಡು ಹೋಗ್ತೀನಿ."

ಸರ್ಕಾರಿ ಮನುಷ್ಯ ಹೇಳಿದ ಮೇಲೆ ಅಬ್ಬಾ ಒಪ್ಪಿದರು. ಅಜ್ಜಿ ಕೊಟ್ಟ ರೊಟ್ಟಿ ಮುರಿದು ಚಟ್ನಿ ಹಚ್ಚಿ ತಿಂದರು, ಓಆರ್‌ಎಸ್ ಕುಡಿದರು, ಬರಿತಲೆಯಲ್ಲೇ ಮಗ್ಗುಲಾದರು. ಅವರ ಗೊರಕೆ ಕೇಳಿದ ಮೇಲೆ ನಿಮಗೂ ನಿದ್ದೆ ಬಂತು. ಮಧ್ಯಾಹ್ನವೇ ಹೋದ ಗುಂಪಿನಲ್ಲಿ ಇಬ್ಬರು ಸಂಜೆ ಡ್ರಿಪ್ ಹಾಕಿಸಿಕೊಂಡು ಮರಳಿದರು.

ನಡುರಾತ್ರಿ ಬಸ್ಸು ಮಸ್ಜಿದುಲ್ ಹರಾಮ್ ಕಡೆ ಹೊರಟಿತು. ಒಳಗೆ ಜನವಿದೆ, ಆದರೆ ಬಿಸಿಲಿಲ್ಲ. ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಮೆಟ್ಟಿಲಿಳಿದರೆ ಅಂಗಳದ ಬಿಳಿ ಅಮೃತಶಿಲೆ ತಣ್ಣಗಿದೆ. ಗ್ರೀಸ್‌ನಿಂದ ತಂದ ಕಲ್ಲು, ಬಿಸಿಲಲ್ಲೂ ಅಷ್ಟಾಗಿ ಕಾಯುವುದಿಲ್ಲ. ಅಬ್ಬಾಗೆ ಗಾಲಿಕುರ್ಚಿ ಬೇಡ. ನಿಮ್ಮ ಭುಜ ಹಿಡಿದು ನಡೆಯುತ್ತಾರೆ, ಅವರ ಬಲಗೈ, ನಿಮ್ಮ ಎಡಭುಜ. ಗೋಡೆಯ ಮೇಲೆ ಹಸಿರು ದೀಪ. ಕಪ್ಪುಶಿಲೆಯ ನೇರ ಅದು, ತವಾಫ್ ಶುರುವಾಗುವ ಜಾಗ. ಅಮ್ಮಾ ನಿಮ್ಮ ಸೊಂಟದ ಬೆಲ್ಟು ಹಿಡಿದಿದ್ದಾರೆ, ಅವರ ಬುರ್ಖಾ ಫುಪ್ಪು ಹಿಡಿದಿದ್ದಾರೆ. ಐವರೂ ಬಲಗೈ ಎತ್ತಿ ಮೊದಲ ಹೆಜ್ಜೆ ಇಟ್ಟಿರಿ. ಸಯೀ ಮುಗಿದು ಕೂದಲು ತೆಗೆಸುವ ಹೊತ್ತಿಗೆ ಫಜ್ರ್ ಆಗಿತ್ತು, ಎಲ್ಲರೂ ಕಾಲಮೇಲೆ ಇದ್ದರು.

ಇದಿನ್ನೂ ಉಮ್ರಾ. ಹಜ್ ಶುರುವಾಗುವುದು ದುಲ್‌ಹಿಜ್ಜಾ ತಿಂಗಳ ಎಂಟಕ್ಕೆ, ಮೀನಾದ ಡೇರೆಗಳಲ್ಲಿ. ಒಂಬತ್ತಕ್ಕೆ ಅರಫಾತ್, ಅಂದು ರಾತ್ರಿ ಮುಜ್ದಲಿಫಾದ ಬಯಲು, ಆಮೇಲೆ ಕಲ್ಲೆಸೆಯುವ ಜಮರಾತ್‌ಗೆ ನಡಿಗೆ. ಅಷ್ಟಕ್ಕೂ ಕಾಲು ಉಳಿದಿರಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಮುಂದಿನ ಸಲದ ಅರ್ಜಿ ತುಂಬುತ್ತಿರುವ ಮಕ್ಕಳಿಗೆ ಇಷ್ಟು ಮಾತು: ಅರ್ಜಿ ಹಾಕಿದ ದಿನದಿಂದಲೇ ಅಪ್ಪ, ಅಮ್ಮನನ್ನು ದಿನಾ ನಡೆಸಿರಿ, ಮಂಡಿ, ಸಕ್ಕರೆ, ಬಿ.ಪಿ. ತೋರಿಸಿರಿ, ಹೊರಡುವ ಹಿಂದಿನ ರಾತ್ರಿಯ ದಾವತ್ತು ನಿಲ್ಲಿಸಿ ಮಲಗಿಸಿರಿ. ಸಾಲ ತೀರಿದ್ದರೆ ಮೊಮ್ಮಕ್ಕಳ ಮದುವೆಗೆ ಕಾಯಬೇಡಿ, ಐವತ್ತೈದಕ್ಕೇ ಕಳಿಸಿರಿ.